ಗ್ಲುಕೋಸಮೈನ್ ಮಾತ್ರೆ, ಹತ್ತು ತಿಂಗಳ ಮೇಲೆ: ಮುಂಬದಿಯ 1500 ಹಿಂಬದಿಯಲ್ಲಿ ಎಷ್ಟು?

ಐದಕ್ಕೆ ಎರಡು ಸ್ಟಾರ್. ಅದರಲ್ಲೂ ಒಂದು ಸ್ಟಾರ್ ಮಾತ್ರೆಗಲ್ಲ, ಮಾತ್ರೆ ಬಂದ ಸ್ಟ್ರಿಪ್ಪಿಗೆ. ಅದರ ವಿಷಯ ಆಮೇಲೆ.

ಮೊಣಕಾಲು ಸವೆತದ ನೋವಿಗೆಂದು ಮೊದಲು ತರಿಸಿದ್ದು ಡಬ್ಬಿ. ಮುಂಬದಿಯಲ್ಲಿ ಹೆಬ್ಬೆರಳು ಗಾತ್ರದ ಅಂಕಿ, 1500 ಮಿ.ಗ್ರಾಂ. ತಿರುಗಿಸಿ, ಕನ್ನಡಕ ಏರಿಸಿ ಓದಿದರೆ ‘ಪ್ರತಿ ಸರ್ವಿಂಗ್‌ಗೆ’ ಅಂತ ಇದೆ. ಒಂದು ಸರ್ವಿಂಗ್ ಅಂದರೆ ಮೂರು ಮಾತ್ರೆ. 60 ಮಾತ್ರೆಯ ಡಬ್ಬಿ ಎರಡು ತಿಂಗಳಿಗಾಯಿತು ಅಂದುಕೊಂಡರೆ ಇಪ್ಪತ್ತೇ ದಿನಕ್ಕೆ ತಳ ಕಾಣುತ್ತದೆ. 900 ರೂಪಾಯಿ ಕೊಟ್ಟ ಡಬ್ಬಿ ದಿನಕ್ಕೆ 15 ರೂಪಾಯಿ ಅಲ್ಲ, 45. ತಿಂಗಳಿಗೆ 1350. ಆನ್‌ಲೈನಿನಲ್ಲಿ ಕೊಳ್ಳುವಾಗ ಮುಂಬದಿಯ ಫೋಟೊ ಮಾತ್ರ ಇದ್ದು ಹಿಂಬದಿಯ ಫೋಟೊ ಇಲ್ಲದಿದ್ದರೆ ಅಲ್ಲಿಗೇ ಬಿಟ್ಟುಬಿಡುವುದು ಒಳ್ಳೆಯದು. ಮುಚ್ಚಿಡಲಿಕ್ಕೆ ಏನೋ ಇರುತ್ತದೆ.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆ 1500ರ ಒಳಗೆ ಇನ್ನೊಂದು ಮಡಿಕೆ ಇದೆ. ಗ್ಲುಕೋಸಮೈನ್ ಸಲ್ಫೇಟ್ ಗಾಳಿಯ ತೇವಕ್ಕೆ ತಾಳುವುದಿಲ್ಲ, ಹಾಗಾಗಿ ಅದನ್ನು ಪೊಟ್ಯಾಸಿಯಂ ಕ್ಲೋರೈಡ್ ಇಲ್ಲವೇ ಸೋಡಿಯಂ ಕ್ಲೋರೈಡ್, ಅಂದರೆ ಉಪ್ಪಿನ ಜೊತೆ ಕಟ್ಟಿಡುತ್ತಾರೆ. ಲೇಬಲ್ಲಿನಲ್ಲಿ ‘ಗ್ಲುಕೋಸಮೈನ್ ಸಲ್ಫೇಟ್ ಪೊಟ್ಯಾಸಿಯಂ ಕ್ಲೋರೈಡ್ 1500’ ಅಂತಿದ್ದರೆ ಉಪ್ಪನ್ನೂ ಸೇರಿಸಿ ತೂಗಿದ್ದಾರೆ ಅಂತ ಅರ್ಥ. ಅದರಲ್ಲಿ ನಿಜವಾದ ಗ್ಲುಕೋಸಮೈನ್ ಸುಮಾರು 890 ಮಿ.ಗ್ರಾಂ. ಗ್ಲುಕೋಸಮೈನಿನ ಇನ್ನೊಂದು ಬಗೆ, ‘ಹೈಡ್ರೋಕ್ಲೋರೈಡ್ 1500’ ಅಂತಿದ್ದರೆ ಸುಮಾರು 1250. ಎರಡು ಡಬ್ಬಿಯಲ್ಲೂ ಅದೇ ಅಂಕಿ, ಒಳಗಿನ ಸರಕು ಬೇರೆ. ಉಪ್ಪು ಬಿಟ್ಟು ಬರೀ ಸಲ್ಫೇಟೇ 1500 ಬೇಕಾದರೆ ಪೊಟ್ಯಾಸಿಯಂ ಬಗೆಯಲ್ಲಿ ಸುಮಾರು 1990 ನುಂಗಬೇಕಾಗುತ್ತದೆ. ಸೋಡಿಯಂ ಬಗೆಯಲ್ಲಿ ಅದೇ 1884, ಅದರಲ್ಲಿ 384 ಅಡುಗೆ ಉಪ್ಪು. ಬಿಪಿ ಇದ್ದು ಉಪ್ಪಿನಕಾಯಿ ಬಿಟ್ಟವರು ಇದನ್ನು ನೋಡಿಕೊಳ್ಳಬೇಕು. ಕಿಡ್ನಿ ತೊಂದರೆ ಇದ್ದವರಿಗೆ ಪೊಟ್ಯಾಸಿಯಂ ಬಗೆಯದೂ ಡಾಕ್ಟರನ್ನು ಕೇಳದೆ ಬೇಡ.

ಇನ್ನು ನುಂಗುವ ಕ್ರಮ. ಮಾತ್ರೆ ದಪ್ಪ, ಅಂಚು ಒರಟು, ಬರೀ ನೀರಿನಲ್ಲಿ ಗಂಟಲ ಹತ್ತಿರ ನಿಲ್ಲುತ್ತದೆ. ಖಾಲಿ ಹೊಟ್ಟೆಗೆ ಹಾಕಿದರೆ ಎದೆಯುರಿ, ಓಕರಿಕೆ. ಹೊಂದಿದ್ದು ಹೀಗೆ: ಕುಚಲಕ್ಕಿ ಗಂಜಿ ಬಟ್ಟಲಲ್ಲಿ ಅರ್ಧ ಮುಗಿದಾಗ ಮಾತ್ರೆ ನಾಲಿಗೆ ಮೇಲೆ ಇಟ್ಟು, ಉಗುರು ಬೆಚ್ಚಗಿನ ಗಂಜಿತಿಳಿ ಎರಡು ಗುಟುಕು, ತಕ್ಷಣ ಇನ್ನೊಂದು ತುತ್ತು ಅಗುಳು. ಅಗುಳು ಮಾತ್ರೆಯನ್ನು ಕೆಳಗೆ ತಳ್ಳಿಕೊಂಡು ಹೋಗುತ್ತದೆ. ನೀರುದೋಸೆಯ ದಿನ ಈ ಉಪಾಯ ನಡೆಯುವುದಿಲ್ಲ, ಆಗ ಮಜ್ಜಿಗೆಯೇ ಗತಿ. ಮೂರನ್ನೂ ಒಟ್ಟಿಗೆ ನುಂಗುವುದಕ್ಕಿಂತ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂದೊಂದು ಹೊಟ್ಟೆಗೆ ಹಿತ. ಆದರೆ ಮಧ್ಯಾಹ್ನದ್ದು ಮರೆತೇ ಹೋಗುತ್ತದೆ, ಊಟದ ತಟ್ಟೆಯ ಬದಿಗೆ ಮೊದಲೇ ತೆಗೆದಿಟ್ಟರೆ ಮಾತ್ರ ನೆನಪು.

ಸ್ಟ್ರಿಪ್ಪಿನ ವಿಷಯ. ಉಡುಪಿಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಟಿ ತಿಂಗಳ ಮಳೆಯಲ್ಲಿ ಹಪ್ಪಳವೇ ಮೆತ್ತಗಾಗುವ ಊರು ಮಾರಾಯ್ರೆ, ತೇವ ಎಳೆಯುವ ಮಾತ್ರೆ ಡಬ್ಬಿಯಲ್ಲಿ ಹೇಗಿದ್ದೀತು? ದಿನಕ್ಕೆ ಮೂರು ಸಲ ಮುಚ್ಚಳ ತೆರೆಯುವುದು, ಪ್ರತಿಸಲವೂ ಒಳಗೆ ಹಸಿ ಗಾಳಿ. ಜುಲೈ ಕೊನೆಗೆ ಮಾತ್ರೆಯ ಮೇಲೆ ಕಂದು ಚುಕ್ಕಿ, ಒಂದಕ್ಕೊಂದು ಅಂಟು. ಜಾಣತನ ಅಂತ ಫ್ರಿಜ್ಜಿನಲ್ಲಿ ಇಟ್ಟರೆ ಇನ್ನೂ ಕೆಡುಕು: ತಣ್ಣಗಿನ ಡಬ್ಬಿಯನ್ನು ಹೊರಗೆ ತೆಗೆದು ಮುಚ್ಚಳ ಬಿಚ್ಚಿದ ಕೂಡಲೇ ಒಳಗೆಲ್ಲ ಹನಿ ಕಟ್ಟುತ್ತದೆ. ಡಬ್ಬಿಯೇ ಇದ್ದರೆ ಒಳಗಿನ ಸಿಲಿಕಾ ಜೆಲ್ ಪೊಟ್ಟಣ ಬಿಸಾಡಬಾರದು, ಅಡುಗೆಮನೆಯಲ್ಲಿ ಇಡಬಾರದು, ವಾರದ ಮಾತ್ರೆ ಮೊದಲೇ ಹಂಚಿಡುವ ಪ್ಲಾಸ್ಟಿಕ್ ಪೆಟ್ಟಿಗೆಗೆ ಹಾಕಲೇಬಾರದು. ಆಮೇಲೆ ತರಿಸಿದ್ದು ಎರಡೂ ಬದಿ ದಪ್ಪ ಅಲ್ಯೂಮಿನಿಯಂ ಇರುವ ಸ್ಟ್ರಿಪ್. ಬೆರಳಿಗೆ ಸ್ವಲ್ಪ ಶ್ರಮ, ಆದರೆ ಸೆಪ್ಟೆಂಬರ್‌ನಲ್ಲಿ ಬಿಚ್ಚಿದ ಮಾತ್ರೆಯೂ ಟಕ್ ಅಂತ ಸದ್ದು ಮಾಡುವಷ್ಟು ಒಣಗಿತ್ತು. ಕರಾವಳಿಯವರಿಗೆ ಇದೊಂದು ಕಾರಣಕ್ಕೇ ಸ್ಟ್ರಿಪ್ ಸಾಕು.

ಫಲ? ಮೊಣಕಾಲು ನೋವಿಗೆ ಪ್ರತಿ ರಾತ್ರಿ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ, ಮೆಟ್ಟಿಲು ಇಳಿಯುವಾಗಿನದ್ದಕ್ಕೆ ಇನ್ನೊಂದು, ಕ್ಯಾಲೆಂಡರಿನ ಚೌಕದಲ್ಲೇ ಬರೆದಿಟ್ಟ ಲೆಕ್ಕ ಇದೆ. ಮೊದಲ ಮೂರು ತಿಂಗಳು ಅಂಕಿ ಇಳಿಯಿತು, ಖುಷಿಯಾಯಿತು. ಎಂಟನೇ ತಿಂಗಳು ಪೂರ್ತಿ ಮಾತ್ರೆ ನಿಲ್ಲಿಸಿ ನೋಡಿದರೆ ಅಂಕಿ ಹಾಗೇ ಇತ್ತು. ಇದು ಒಂದು ಮೊಣಕಾಲಿನ ಕತೆ ಅಂತ ತಳ್ಳಿಹಾಕಬಹುದು. ಆದರೆ ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆಯ ಹಣದಲ್ಲಿ ನಡೆದು 2006ರಲ್ಲಿ ಪ್ರಕಟವಾದ ‘ಗೇಟ್’ ಪ್ರಯೋಗದಲ್ಲಿ ಮೊಣಕಾಲು ಸವೆತದ 1583 ಜನ ಇದ್ದರು, 24 ವಾರ. ನೋವು ಐದರಲ್ಲೊಂದು ಪಾಲಾದರೂ ಇಳಿದವರು ಗ್ಲುಕೋಸಮೈನ್ ತಿಂದವರಲ್ಲಿ ಶೇ 64, ಅದರ ಜೊತೆಗೇ ಮಾರುವ ಇನ್ನೊಂದು ವಸ್ತು ಕಾಂಡ್ರಾಯ್ಟಿನ್ ತಿಂದವರಲ್ಲಿ ಶೇ 65.4, ಎರಡೂ ತಿಂದವರಲ್ಲಿ ಶೇ 66.6. ಏನೂ ಇಲ್ಲದ ಸುಳ್ಳು ಮಾತ್ರೆ ತಿಂದವರಲ್ಲಿ ಶೇ 60.1! ನೋವು ಹೆಚ್ಚಿದ್ದವರ ಒಂದು ಸಣ್ಣ ಗುಂಪಿನಲ್ಲಿ ಎರಡನ್ನೂ ಕೂಡಿಸಿದ್ದು ಚೆನ್ನಾಗಿ ಕಂಡಿತ್ತು, ಮಾರುವವರು ಹಿಡಿದುಕೊಂಡದ್ದು ಅದನ್ನೇ. ಅಲ್ಲಿ ಕೊಟ್ಟಿದ್ದು ಹೈಡ್ರೋಕ್ಲೋರೈಡ್, ಸಲ್ಫೇಟ್ ಅಲ್ಲ ಎಂಬ ವಾದವೂ ಇದೆ. ಸಲ್ಫೇಟಿಗೆ ಒಳ್ಳೆಯ ಫಲ ತೋರಿಸಿದ ಯುರೋಪಿನ ಕೆಲವು ಪ್ರಯೋಗಗಳಿಗೆ ತಯಾರಕರದ್ದೇ ದುಡ್ಡು. ಅಮೆರಿಕದ ಸಂಧಿವಾತ ತಜ್ಞರ 2019ರ ಮಾರ್ಗಸೂಚಿ ಮೊಣಕಾಲು, ಸೊಂಟದ ಸವೆತಕ್ಕೆ ಗ್ಲುಕೋಸಮೈನ್ ಬೇಡ ಎಂದೇ ಹೇಳುತ್ತದೆ.

ಹಾಗಾದರೆ ‘ಮೂರೇ ದಿನದಲ್ಲಿ ನೋವು ಮಾಯ’ ಅಂತ ಐದು ಸ್ಟಾರ್ ಕೊಟ್ಟವರೆಲ್ಲ ಸುಳ್ಳು ಹೇಳುತ್ತಾರಾ? ಎಲ್ಲರೂ ಅಲ್ಲ, ಹೆದರಬೇಕಾದ್ದು ಅಲ್ಲೇ. ಚಿಪ್ಪಿನ ಪುಡಿ, ಅರಿಶಿನ ಮೂರು ದಿನಕ್ಕೆ ಹಾಗೆ ಹಿಡಿಯುವುದಿಲ್ಲ, ಸ್ಟಿರಾಯ್ಡ್ ಹಿಡಿಯುತ್ತದೆ. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ‘ಆರ್ಟ್ರಿ ಕಿಂಗ್’ ಹೆಸರಿನ ಸಂಧಿನೋವಿನ ಮಾತ್ರೆಗಳಲ್ಲಿ ಲೇಬಲ್ಲಿನಲ್ಲಿ ಹೇಳದ ನೋವಿನ ಔಷಧಿ ಡೈಕ್ಲೋಫೆನಾಕ್, ಸ್ಟಿರಾಯ್ಡ್ ಆದ ಡೆಕ್ಸಾಮೆಥಾಸೋನ್ ಇದೆ ಎಂದು ಎಚ್ಚರಿಸಿತ್ತು. ಇಂಥದ್ದನ್ನು ತಿಂಗಳುಗಟ್ಟಲೆ ತಿಂದರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ. ಸಂಶಯ ಬಂತೆಂದು ತಟ್ಟನೆ ನಿಲ್ಲಿಸಿದರೆ ಅದೂ ಅಪಾಯ, ಡಾಕ್ಟರ ಹತ್ತಿರ ಹೋಗಿಯೇ ಇಳಿಸಬೇಕು. ಚೀಟಿ ಇಲ್ಲದ ಪುಡಿ, ಪೋಸ್ಟಿನಲ್ಲಿ ಬರುವ ಗುಳಿಗೆಗೂ ಇದೇ ಮಾತು.

ಸಸ್ಯಾಹಾರಿ ಮನೆಯವರು ಲೇಬಲ್ಲಿನ ಚುಕ್ಕಿ ನೋಡದೆ ತರಿಸಬೇಡಿ. ಗ್ಲುಕೋಸಮೈನ್ ಹೆಚ್ಚಾಗಿ ಬರುವುದು ಸಿಗಡಿ, ಏಡಿಯ ಚಿಪ್ಪಿನಿಂದ, ಮಲ್ಪೆಯ ಮೀನುದಕ್ಕೆಯಲ್ಲಿ ಸುಲಿದು ರಾಶಿ ಬೀಳುವಂಥದ್ದೇ. ಕಾಂಡ್ರಾಯ್ಟಿನ್ ದನ, ಹಂದಿ, ಕೋಳಿ, ಶಾರ್ಕಿನ ಮೃದ್ವಸ್ಥಿಯದ್ದು. ಚಾತುರ್ಮಾಸ್ಯಕ್ಕೆ ತರಕಾರಿಯನ್ನೇ ಬಿಡುವ ಮನೆಯಲ್ಲಿ ಇದು ನುಸುಳುವುದು ವಿಚಿತ್ರ. ಮೆಕ್ಕೆಜೋಳ ಹುದುಗಿಸಿ ಮಾಡಿದ ಗ್ಲುಕೋಸಮೈನ್ ಸಿಗುತ್ತದೆ, ಹಸಿರು ಚುಕ್ಕಿ ಇರುತ್ತದೆ. ಕಂದು ತ್ರಿಕೋನ ಇದ್ದರೆ ಮಾಂಸಾಹಾರ. ಸಿಗಡಿ ತಿಂದರೆ ಮೈ ತುರಿಸುವವರಿಗೂ ಇದೇ ಲೆಕ್ಕ.

ಅರಿಶಿನದ ಮಾತ್ರೆ ಇದಕ್ಕಿಂತ ವಾಸಿಯೇ ಅಂತ ಕೇಳುವವರು ಬಹಳ. ಲೇಬಲ್ಲಿನಲ್ಲಿ ‘ಅರಿಶಿನ 500’ ಅಂತಿದ್ದರೆ ಅದು ಡಬ್ಬದಲ್ಲಿರುವ ಪುಡಿಯೇ, ಅದರಲ್ಲಿ ಕೆಲಸಕ್ಕೆ ಬರುತ್ತದೆನ್ನುವ ಅಂಶ ಕರ್ಕ್ಯುಮಿನ್ ಶೇ 3ರ ಆಸುಪಾಸು. ‘ಶೇ 95 ಕರ್ಕ್ಯುಮಿನಾಯ್ಡ್ ಸಾರ’ ಅಂತಿರಬೇಕು. ಕರಿಮೆಣಸಿನ ಪೈಪರಿನ್ ಜೊತೆಗಿದ್ದರೆ ರಕ್ತಕ್ಕೆ ಇಪ್ಪತ್ತು ಪಟ್ಟು ಹೆಚ್ಚು ಸೇರುತ್ತದೆ ಎಂದು 1998ರಲ್ಲಿ ತೋರಿಸಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು. ಆದರೆ ಪೈಪರಿನ್ ಬೇರೆ ಔಷಧಿಗಳನ್ನೂ ಹಾಗೇ ಏರಿಸಬಲ್ಲದು. ಹೀಗೆ ಹೀರಿಕೆ ಹೆಚ್ಚಿಸಿದ ಅರಿಶಿನದಿಂದ ಲಿವರ್ ಕೆಟ್ಟ ಪ್ರಕರಣಗಳೂ ದಾಖಲಾಗಿವೆ. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ಅರಿಶಿನ, ಗ್ಲುಕೋಸಮೈನ್ ಎರಡನ್ನೂ ಕೇಳದೆ ಮುಟ್ಟಬಾರದು.

ಮೃದ್ವಸ್ಥಿಯ ಪ್ರೊಟೀನಾದ ಕೊಲಾಜನ್‌ನಲ್ಲಿ ಮೋಸ ಇನ್ನೂ ಸಲೀಸು. ಕೋಳಿಯ ಎದೆಯ ಮೃದ್ವಸ್ಥಿಯ ‘ಅನ್‌ಡಿನೇಚರ್ಡ್ ಟೈಪ್ 2’, ಅಂದರೆ ರಚನೆ ಕೆಡಿಸದ ಬಗೆಗೆ ದಿನಕ್ಕೆ 40 ಮಿ.ಗ್ರಾಂ ಪ್ರಮಾಣ. ಚೂರು ಚೂರಾಗಿ ಒಡೆದ ಹೈಡ್ರೊಲೈಸ್ಡ್ ಬಗೆಗೆ ಸುಮಾರು 10 ಗ್ರಾಂ, ಅಂದರೆ ಚಮಚದ ಲೆಕ್ಕ. ಎರಡನೆಯದನ್ನು 100 ಮಿ.ಗ್ರಾಂ ಹಾಕಿ ಮುಂಬದಿಯಲ್ಲಿ ‘ಕೊಲಾಜನ್ ಇದೆ’ ಅಂತ ಬರೆಯುತ್ತಾರೆ. ಒಂಬತ್ತು ವಸ್ತು ಸೇರಿಸಿ ಒಟ್ಟು 750 ಅಂತ ಮಾತ್ರ ಹೇಳುವ ‘ಬ್ಲೆಂಡ್’ ಕೂಡ ಇದೇ ಜಾತಿ.

ಆಹಾರ ನಿಯಂತ್ರಣ ಸಂಸ್ಥೆ ಎಫ್‌ಎಸ್‌ಎಸ್‌ಎಐ ಕೊಡುವ ಸಂಖ್ಯೆ 14 ಅಂಕಿಯದ್ದು, ಅವರದ್ದೇ ಫಾಸ್ಕಾಸ್ ಜಾಲತಾಣದಲ್ಲಿ ಹಾಕಿದರೆ ಯಾರ ಹೆಸರಿಗಿದೆ ಅಂತ ಬರುತ್ತದೆ. ಲೇಬಲ್ಲಿನವರದ್ದೇ ಹೆಸರು ಬರಬೇಕು. ಅದು ಪರವಾನಗಿ ಮಾತ್ರ, ಮಾತ್ರೆ ಕೆಲಸ ಮಾಡುತ್ತದೆ ಎಂಬ ಸರ್ಟಿಫಿಕೇಟ್ ಅಲ್ಲ. ‘ಔಷಧೀಯ ಬಳಕೆಗಲ್ಲ’ ಅಂತ ಅದೇ ಲೇಬಲ್ಲಿನಲ್ಲಿ ಬರೆಯಲೇಬೇಕೆಂಬ ನಿಯಮ ಇದೆ, ಹುಡುಕಿ ನೋಡಿ.

ಇದೆಲ್ಲ ಸವೆತದ ನೋವಿನ ಮಾತು. ಗಂಟು ಕೆಂಪಾಗಿ ಬಿಸಿಯಾದರೆ, ಬೆಳಿಗ್ಗೆ ಬೆರಳುಗಳು ಒಂದು ಗಂಟೆ ಕಳೆದರೂ ಮಡಿಯದಿದ್ದರೆ, ಜ್ವರದ ಬೆನ್ನಿಗೆ ಬಂದ ಚಿಕುನ್‌ಗುನ್ಯದ ನೋವಾದರೆ ಕಾರ್ಟ್ ಮುಚ್ಚಿ ಡಾಕ್ಟರಲ್ಲಿಗೆ ಹೋಗಬೇಕು.

ಉಳಿದ ಎರಡು ಸ್ಟ್ರಿಪ್ ಮುಗಿದ ಮೇಲೆ ಮತ್ತೆ ತರಿಸುವುದಿಲ್ಲ. ಆ 1350 ರೂಪಾಯಿ ಈ ತಿಂಗಳು ಫಿಸಿಯೋಥೆರಪಿಗೆ ಹೋಯಿತು. ಹೇಳಿಕೊಟ್ಟದ್ದು ಸುಲಭ: ಕುರ್ಚಿಯಲ್ಲಿ ಬೆನ್ನು ಆನಿಸಿ ಕೂತು, ತೊಡೆಯ ಕೆಳಗೆ ಮಡಿಸಿದ ಬೈರಾಸು ಇಟ್ಟು, ಒಂದು ಕಾಲನ್ನು ನೇರ ಎತ್ತಿ ಹತ್ತು ಎಣಿಸಿ ನಿಧಾನ ಇಳಿಸುವುದು, ಹತ್ತು ಸಲ, ಆಮೇಲೆ ಇನ್ನೊಂದು ಕಾಲು. ಬೆಳಿಗ್ಗೆ ಒಲೆ ಹಚ್ಚಿ ಶುರುಮಾಡಿದರೆ ಕುಚಲಕ್ಕಿ ಬೇಯುವ ಎಷ್ಟೋ ಹೊತ್ತು ಮೊದಲೇ ಎರಡೂ ಕಾಲು ಮುಗಿದಿರುತ್ತದೆ.