100 ವ್ಯಾಟ್ ಸ್ಟೀರಿಯೊ: ಕೆಲವು ವರ್ಷಗಳ ಬಳಕೆಯ ನಂತರ

ಪ್ರತಿ ಚಾನೆಲ್‌ಗೆ 100 ವ್ಯಾಟ್ ಕೊಡುವ ಆಂಪ್ಲಿಫೈಯರ್, ಎರಡು ಎತ್ತರದ ಸ್ಪೀಕರ್‌ಗಳು ಮತ್ತು ತಗ್ಗು ಸ್ವರಗಳಿಗೆಂದೇ ಮೀಸಲಾದ ಒಂದು ಸಬ್‌ವೂಫರ್ ಇರುವ ಈ ಸ್ಟೀರಿಯೊವನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಇದರ ನಾದದ ಬಗ್ಗೆ ದೂರುವಂಥದ್ದು ಏನೂ ಇಲ್ಲ. ಆದರೆ ಕಿವಿಯ ಮಟ್ಟಿಗೆ ಇದರ ದೊಡ್ಡ ಅಪಾಯ ಇರುವುದು ಆ ಶುದ್ಧ ನಾದದಲ್ಲೇ ಎಂಬುದು ನನ್ನ ಅಭಿಪ್ರಾಯ. ಸಾಧಾರಣ ಸೆಟ್‌ಗಳಲ್ಲಿ ವಾಲ್ಯೂಮ್ ಏರಿಸಿದಂತೆ ಧ್ವನಿ ಒಡೆದು ಕರ್ಕಶವಾಗುತ್ತದೆ, ಕೇಳುವವರು ತಾವಾಗಿಯೇ ತಗ್ಗಿಸುತ್ತಾರೆ. ಇದರಲ್ಲಿ ಧ್ವನಿ ಒಡೆಯುವುದೇ ಇಲ್ಲವಾದ್ದರಿಂದ ಶಬ್ದದ ಮಟ್ಟ 95 ಡೆಸಿಬಲ್ ದಾಟಿದ ಮೇಲೂ ಹಾಡು ಹಿತವಾಗಿಯೇ ಕೇಳಿಸುತ್ತದೆ.

ಡಿಸ್‌ಪ್ಲೇ ಕೂಡ ದಾರಿ ತಪ್ಪಿಸುತ್ತದೆ. ಅದರಲ್ಲಿ ಕಾಣುವ 'ಮೈನಸ್ 20 ಡೆಸಿಬಲ್' ಎಂಬ ಅಂಕಿ ಆಂಪ್ಲಿಫೈಯರ್‌ಗೆ ಗೊತ್ತುಮಾಡಿದ ಒಂದು ಮಟ್ಟಕ್ಕೆ ಹೋಲಿಸಿದ್ದೇ ಹೊರತು ಕೋಣೆಯೊಳಗಿನ ಶಬ್ದದ ಅಳತೆಯಲ್ಲ. ನಿಜವಾದ ಮಟ್ಟ ತಿಳಿಯಬೇಕಾದರೆ ಕುಳಿತುಕೊಳ್ಳುವ ಜಾಗದಲ್ಲಿ ಶಬ್ದಮಾಪಕವನ್ನಿಟ್ಟೇ ನೋಡಬೇಕು. (ಮಾಪಕದಲ್ಲಿ ಸಾಮಾನ್ಯವಾಗಿ ಬಳಸುವ, ಕಿವಿಯ ಗ್ರಹಿಕೆಗೆ ಹೊಂದಿಸಿದ 'ಎ' ಮಾನದಂಡ ಸಬ್‌ವೂಫರ್‌ನ ತಗ್ಗು ಸ್ವರಗಳನ್ನು ಕಡಿಮೆ ಲೆಕ್ಕಕ್ಕೆ ಹಿಡಿಯುತ್ತದೆ ಎಂಬುದನ್ನು ನೆನಪಿಡಬೇಕು.)

ಈ ಸ್ಪೀಕರ್‌ಗಳು 1 ವ್ಯಾಟ್‌ಗೆ 1 ಮೀಟರ್ ದೂರದಲ್ಲಿ 90 ಡೆಸಿಬಲ್ ಶಬ್ದ ಕೊಡುತ್ತವೆ. ಶಕ್ತಿ ಹತ್ತು ಪಟ್ಟಾದಾಗ ಮಟ್ಟ 10 ಡೆಸಿಬಲ್ ಏರುವುದರಿಂದ, ಅದೇ ದೂರದಲ್ಲಿ 100 ಡೆಸಿಬಲ್ ಮುಟ್ಟಲು 10 ವ್ಯಾಟ್ ಸಾಕು. ಕೆಲಸಗಾರರ ಸುರಕ್ಷತೆ ಮತ್ತು ಆರೋಗ್ಯದ ಬಗ್ಗೆ ಸಂಶೋಧನೆ ನಡೆಸುವ ಅಮೆರಿಕದ ನಿಯೋಶ್ ಸಂಸ್ಥೆ ಕೆಲಸದ ಸ್ಥಳಗಳಿಗಾಗಿ ಸೂಚಿಸಿರುವ ಮಿತಿಯಂತೆ 85 ಡೆಸಿಬಲ್ ಶಬ್ದವನ್ನು ದಿನಕ್ಕೆ 8 ಗಂಟೆ ಕೇಳಬಹುದು, ಮುಂದಿನ ಪ್ರತಿ 3 ಡೆಸಿಬಲ್‌ಗೆ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬಲ್‌ಗೆ ಉಳಿಯುವುದು 15 ನಿಮಿಷ, ಅಂದರೆ ಮೂರು ನಾಲ್ಕು ಹಾಡು.

ಒಳಗಿವಿಯ ಸುರುಳಿಯಾಕಾರದ ಭಾಗವಾದ ಕಾಕ್ಲಿಯಾದಲ್ಲಿರುವ, ಶಬ್ದವನ್ನು ಗ್ರಹಿಸುವ ಸುಮಾರು 15,000 ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹಾನಿ ಸಾಮಾನ್ಯವಾಗಿ ಮೊದಲು ಕಾಣಿಸಿಕೊಳ್ಳುವುದು 3,000ದಿಂದ 6,000 ಹರ್ಟ್ಸ್‌ವರೆಗಿನ ಎತ್ತರದ ಸ್ವರಗಳಲ್ಲಿ. ಆಗ ಮಾತು ಕೇಳಿಸಿದರೂ ಸ, ಶ, ತ ಮುಂತಾದ ಅಕ್ಷರಗಳು ಮಸುಕಾಗಿ ಅರ್ಥ ಕೈತಪ್ಪುತ್ತದೆ. ಇಂಥ ಕಿವಿಗೆ ಸಂಗೀತ ಮಂಕಾಗಿ ಕೇಳುವುದರಿಂದ, ಬಳಕೆದಾರರು ಸೆಟ್ ಹಳೆಯದಾಯಿತೆಂದು ಭಾವಿಸಿ ಟ್ರೆಬಲ್ (ಎತ್ತರದ ಸ್ವರಗಳ ಮಟ್ಟ) ಏರಿಸುತ್ತ ಹೋಗುವ ಸಾಧ್ಯತೆಯಿದೆ. ಕೇಳಿ ಮುಗಿಸಿದ ಮೇಲೆ ಕಿವಿ ಗುಂಯ್‌ಗುಟ್ಟಿದರೆ ಅಥವಾ ಮುಚ್ಚಿಕೊಂಡಂತಾದರೆ ಮಟ್ಟ ಮಿತಿಮೀರಿತ್ತೆಂದೇ ತಿಳಿಯಬೇಕು. ಮರುದಿನ ಅದು ಸರಿಹೋದ ಮಾತ್ರಕ್ಕೆ ಹಾನಿಯೇ ಆಗಿಲ್ಲವೆನ್ನಲಾಗದು.

ನಾನು ಹೆಚ್ಚು ಮೆಚ್ಚಿರುವುದು ಲೌಡ್‌ನೆಸ್ ಗುಂಡಿಯನ್ನು. ಸಣ್ಣ ದನಿಯಲ್ಲಿ ತಗ್ಗು ಸ್ವರಗಳು ನಮ್ಮ ಕಿವಿಗೆ ಸರಿಯಾಗಿ ಕೇಳಿಸುವುದಿಲ್ಲ; ಈ ಗುಂಡಿ ಆ ಕೊರತೆಯನ್ನು ತುಂಬುವುದರಿಂದ 70 ಡೆಸಿಬಲ್ ಆಸುಪಾಸಿನಲ್ಲೇ ಸಂಗೀತ ಮೈದುಂಬಿಕೊಳ್ಳುತ್ತದೆ. ವಾಲ್ಯೂಮ್‌ಗೆ ಗರಿಷ್ಠ ಮಿತಿ ನಿಗದಿಪಡಿಸುವ ಸೌಲಭ್ಯವೂ ಇದೆ, ಆದರೆ ಅದನ್ನು ಮೆನುವಿನ ಆಳದಲ್ಲಿ ಬಚ್ಚಿಟ್ಟಿದ್ದಾರೆ, ಮೇಲಾಗಿ ಸೆಟ್ ಕೈಗೆ ಬರುವಾಗ ಅದು ಆಫ್ ಆಗಿಯೇ ಇರುತ್ತದೆ. ನಾದಕ್ಕೆ ಐದರಲ್ಲಿ ಐದು ಅಂಕ, ಈ ವಿನ್ಯಾಸಕ್ಕೆ ಎರಡು. ಚಿಕ್ಕ ಕೋಣೆಯಲ್ಲಿ ಕೇಳುವವರಿಗೆ ಇದರ ಕಾಲುಭಾಗದ ಶಕ್ತಿಯ ಆಂಪ್ಲಿಫೈಯರ್ ಧಾರಾಳವಾಗಿ ಸಾಕು.