ಖಾಸಗಿ ವಾಲ್ಟ್‌ನಲ್ಲಿ ಏಳು ವರ್ಷ: ಬಾಗಿಲಿಗೆ ಐದು ನಕ್ಷತ್ರ, ಕಾಗದಕ್ಕೆ ಎರಡು

ಬ್ಯಾಂಕಿಗೆ ಸಂಬಂಧವಿಲ್ಲದ ಖಾಸಗಿ ವಾಲ್ಟ್ ಒಂದರಲ್ಲಿ, ಅಂದರೆ ಶುಲ್ಕ ಪಡೆದು ಬೆಲೆಬಾಳುವ ವಸ್ತು ಕಾಯುವ ಭದ್ರಕೋಣೆಯಲ್ಲಿ, ಚಿನ್ನ, ಬೆಳ್ಳಿ ಇಟ್ಟು ನನಗೆ ಈಗ ಏಳು ವರ್ಷ. ಮೊದಲ ತಿಂಗಳಲ್ಲೇ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ನಕ್ಷತ್ರ ಕೊಟ್ಟುಬಿಡುತ್ತಿದ್ದೆ. ಬೆರಳಚ್ಚು ಕೇಳುವ ಬಾಗಿಲು, ಮುಖದಲ್ಲಿ ನಗುವಿಲ್ಲದ ಕಾವಲುಗಾರ, ಹಿಂದೊಂದು ಬಾಗಿಲು ಮುಚ್ಚದೆ ಮುಂದಿನದು ತೆರೆಯದ ಕೋಣೆ ಇವನ್ನೆಲ್ಲ ಕಂಡು ಮರುಳಾಗಿದ್ದೆ. ಇಂದು ಒಟ್ಟಾರೆ ಮೂರೂವರೆ ಕೊಡುತ್ತೇನೆ. ಬಾಗಿಲು ಆಗ ಎಷ್ಟು ಭದ್ರವಾಗಿತ್ತೋ ಈಗಲೂ ಅಷ್ಟೇ ಭದ್ರ. ಕಳೆದ ಒಂದೂವರೆ ನಕ್ಷತ್ರ ಪೂರ್ತಿ ಕಾಗದಪತ್ರದ ಲೆಕ್ಕಕ್ಕೆ. ಸಂಸ್ಥೆಯ ಹೆಸರು ಬರೆಯುತ್ತಿಲ್ಲ. ಇಲ್ಲಿನ ಬಹುಪಾಲು ಮಾತು ಇಂತಹ ಯಾವ ಸಂಸ್ಥೆಗೂ ಸಲ್ಲುತ್ತದೆ.

ವಾಲ್ಟ್‌ಗೆ ಹೋಗುವ ಮೊದಲು ಮನೆಯಲ್ಲೇ ತಿಜೋರಿ ಇಟ್ಟು ನೋಡಿದ್ದೆ. ಬೆಂಕಿಗೆ ಜಗ್ಗದ ತಿಜೋರಿ ಎಂದು ಹೆಚ್ಚು ಹಣ ಕೊಟ್ಟು ತಂದದ್ದು. ಅಂತಹ ತಿಜೋರಿಗಳನ್ನು ರೂಪಿಸುವುದು ಕಾಗದ ಉಳಿಸಲು, ಅಂದರೆ ಒಳಗಿನ ಶಾಖ ಸುಮಾರು 177 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿಕೊಳ್ಳಲು ಎಂಬುದು ಆಮೇಲೆ ತಿಳಿಯಿತು. ಚಿನ್ನ ಕರಗುವುದು 1,064 ಡಿಗ್ರಿಯಲ್ಲಿ. ಬೆಂಕಿಗೆ ಅಷ್ಟಾಗಿ ಹೆದರದ ವಸ್ತುವಿಗೆ ಬೆಂಕಿಯ ಕವಚ ತೊಡಿಸಿದ್ದೆ. ಸಾಲದ್ದಕ್ಕೆ, ಬಿಸಿ ತಡೆಯಲೆಂದು ಅದರ ಗೋಡೆಯೊಳಗೆ ತುಂಬಿದ ಪದರದಲ್ಲಿ ನೀರಿನಂಶವಿರುತ್ತದೆ. ಬೆಂಕಿಯಿಲ್ಲದ ದಿನಗಳಲ್ಲೂ ಒಳಗೆ ತೇವ ಕಟ್ಟಿಕೊಳ್ಳುತ್ತದೆ. ಬೆಳ್ಳಿಯನ್ನು ಕಪ್ಪಾಗಿಸುವುದು ಗಾಳಿಯಲ್ಲಿರುವ ಗಂಧಕದ ಅಂಶ, ತೇವ ಅದಕ್ಕೆ ಕುಮ್ಮಕ್ಕು ಕೊಡುತ್ತದೆ. ಒಂದೂವರೆ ವರ್ಷದಲ್ಲಿ ನನ್ನ ನಾಣ್ಯಗಳ ಅಂಚು ಹೊಗೆ ಹಿಡಿದಂತಾಯಿತು. ಇನ್ನು ಕಳ್ಳರ ಮಾತು. ಯುರೋಪಿನ ಇಎನ್ 1143-1 ಮಾನದಂಡದ ಪ್ರಕಾರ ಒಂದು ಟನ್‌ಗಿಂತ ಹಗುರವಾದ ತಿಜೋರಿಯನ್ನು ನೆಲಕ್ಕೋ ಗೋಡೆಗೋ ಬಿಗಿಯಲು ವ್ಯವಸ್ಥೆ ಇರಲೇಬೇಕು. ನನ್ನದು ಅರವತ್ತು ಕಿಲೋ. ಅದನ್ನು ಒಳಗೆ ತಂದಿಟ್ಟ ಇಬ್ಬರು ಆಳುಗಳು ಮಾತಾಡಿಕೊಂಡೇ ಹೊತ್ತು ತಂದಿದ್ದರು. ಬಂದ ದಾರಿಯಲ್ಲೇ ಅದು ಹೋಗಬಹುದೆಂದು ನನಗೆ ಅಂದು ಹೊಳೆಯಲಿಲ್ಲ.

ಬ್ಯಾಂಕ್ ಲಾಕರ್ ಬಗ್ಗೆ ನನಗೆ ದ್ವೇಷವೇನಿಲ್ಲ. ಆದರೆ ಅಲ್ಲಿ ಬ್ಯಾಂಕು ಕೊಡುವುದು ಜಾಗ ಮಾತ್ರ; ಒಳಗೇನಿದೆ ಎಂಬುದು ಅದಕ್ಕೆ ಗೊತ್ತಿಲ್ಲ, ಠೇವಣಿಗಿರುವ ವಿಮೆ ಲಾಕರಿನೊಳಗಿನ ವಸ್ತುವಿಗೆ ಅನ್ವಯಿಸುವುದೂ ಇಲ್ಲ. ಬ್ಯಾಂಕು ಬಾಗಿಲು ಹಾಕಿದ ದಿನ ಲಾಕರಿನ ಬಾಗಿಲೂ ಹಾಕಿರುತ್ತದೆ. 2015ರಲ್ಲಿ ಗ್ರೀಸ್‌ನ ಬ್ಯಾಂಕುಗಳು ಸುಮಾರು ಮೂರು ವಾರ ಮುಚ್ಚಿದ್ದವು. ಆ ಸುದ್ದಿಯೇ ನನ್ನನ್ನು ಖಾಸಗಿ ವಾಲ್ಟ್‌ನತ್ತ ತಳ್ಳಿದ್ದು.

ಮೊದಲ ತಪ್ಪು ಮಾಡಿದ್ದು ಸಹಿ ಹಾಕುವಾಗ. ಎರಡು ಬಗೆಯ ಖಾತೆ ತೋರಿಸಿದರು. ಒಂದಕ್ಕೆ ವಾರ್ಷಿಕ ಶುಲ್ಕವಿದೆ, ಇನ್ನೊಂದಕ್ಕೆ ಇಲ್ಲವೇ ಇಲ್ಲ. ಯಾರು ತಾನೇ ಎರಡನೆಯದನ್ನು ಬಿಡುತ್ತಾರೆ? ಎಂಟು ತಿಂಗಳು ಅದರಲ್ಲೇ ಇದ್ದೆ. ಅನ್‌ಅಲೊಕೇಟೆಡ್ ಎಂಬ ಆ ಪದದ ಅರ್ಥವನ್ನು ಕೊನೆಗೆ ಒಬ್ಬ ಲೆಕ್ಕಪರಿಶೋಧಕ ಗೆಳೆಯ ಬಿಡಿಸಿ ಹೇಳಿದ: ಲೋಹ ಅವರದು, ನನ್ನ ಹತ್ತಿರ ಇರುವುದು ಅವರು ನನಗೆ ಇಷ್ಟು ಗ್ರಾಂ ಕೊಡಬೇಕು ಎಂಬ ಮಾತು ಮಾತ್ರ. ಸಂಸ್ಥೆ ದಿವಾಳಿಯಾದರೆ ನಾನು ಅದರಿಂದ ಬಾಕಿ ಕೇಳುವವರ ಸಾಲಿನಲ್ಲಿ ನಿಲ್ಲಬೇಕು. ಅಲೊಕೇಟೆಡ್ ಖಾತೆಯಲ್ಲಾದರೆ ಗಟ್ಟಿಗೊಂದು ಕ್ರಮಸಂಖ್ಯೆ, ತಯಾರಕರ ಮುದ್ರೆ, ತೂಕ, ಶುದ್ಧತೆ ಎಲ್ಲವೂ ನನ್ನ ಹೆಸರಿನ ಎದುರು ಬರೆದಿರುತ್ತವೆ. ಸಂಸ್ಥೆ ಬರೀ ಕಾಯುವವನು. ಬ್ಯಾಂಕು ಬೇಡವೆಂದು ಹೊರಬಂದವನು ಬಾಗಿಲು ದಾಟಿದ ಕೂಡಲೇ ಇನ್ನೊಂದು ಬ್ಯಾಂಕಿನಂತಹುದಕ್ಕೆ ಸಾಲ ಕೊಟ್ಟು ಕುಳಿತಿದ್ದೆ! ಮರುವಾರವೇ ಖಾತೆ ಬದಲಿಸಿದೆ. ಇತರರ ಗಟ್ಟಿಗಳ ಜೊತೆ ಒಂದೇ ಕಪಾಟಿನಲ್ಲಿ ಇಡದೆ ಬೇರೆಯಾಗಿ, ಮುದ್ರೆ ಹಾಕಿದ ಚೀಲದಲ್ಲಿ ಇಡಲು ಇನ್ನೂ ತುಸು ಹೆಚ್ಚು ಕೊಡಬೇಕು. ಕೊಡುತ್ತಿದ್ದೇನೆ.

ಶುಲ್ಕ ಚಿನ್ನಕ್ಕೆ ವರ್ಷಕ್ಕೆ ಮೌಲ್ಯದ ಶೇಕಡ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಬೆಳ್ಳಿಗೆ ಅದರ ಎರಡರಷ್ಟು, ಅದಕ್ಕೆ ನಾನು ದೂರುವುದಿಲ್ಲ. ಒಂದು ಘನ ಸೆಂಟಿಮೀಟರ್ ಚಿನ್ನ 19.3 ಗ್ರಾಂ ತೂಗಿದರೆ ಬೆಳ್ಳಿ 10.5 ಗ್ರಾಂ ತೂಗುತ್ತದೆ. ಬೆಲೆಯ ಅಂತರವನ್ನೂ ಸೇರಿಸಿದರೆ, ಅಂಗೈಯಲ್ಲಿ ಅಡಗುವ ಚಿನ್ನದ ಮೌಲ್ಯದ ಬೆಳ್ಳಿಗೆ ಒಂದು ಕಪಾಟೇ ಬೇಕು. ಕೆಣಕುವುದು ಕನಿಷ್ಠ ಶುಲ್ಕ. ಸ್ವಲ್ಪವೇ ಲೋಹ ಇಟ್ಟವರಿಗೆ ಅದು ಲೆಕ್ಕಕ್ಕಿಂತ ಭಾರವಾಗುತ್ತದೆ.

ಮೂರನೆಯ ವರ್ಷದ ವಾರ್ಷಿಕ ಪಟ್ಟಿ ಬಂದಾಗ ನನ್ನ ಒಂದು ಗಟ್ಟಿಯ ಕ್ರಮಸಂಖ್ಯೆಯ ಕೊನೆಯ ಎರಡು ಅಂಕಿ ಅದಲು ಬದಲಾಗಿದ್ದವು. ಮೇಲ್ ಬರೆದೆ. ಹತ್ತೊಂಬತ್ತು ದಿನ ಕಾದ ಮೇಲೆ ‘ಟೈಪಿಂಗ್ ತಪ್ಪು’ ಎಂದು ಒಂದು ಸಾಲಿನ ಉತ್ತರ. ಕಣ್ಣಾರೆ ನೋಡಬೇಕು ಎಂದೆ. ತಪಾಸಣಾ ಶುಲ್ಕ ಕೇಳಿದರು, ಕಟ್ಟಿದೆ, ಹೋದೆ. ಗಟ್ಟಿ ಸರಿಯಾಗಿಯೇ ಇತ್ತು. ತಪ್ಪು ಅವರದು, ದಂಡ ನನ್ನದು. ಆ ಶುಲ್ಕ ಇಂದಿಗೂ ಮರಳಿ ಬಂದಿಲ್ಲ. ಒಂದು ನಕ್ಷತ್ರ ಅಲ್ಲೇ ಉದುರಿತು.

ಐದನೆಯ ವರ್ಷ ಅಗತ್ಯವಿಲ್ಲದಿದ್ದರೂ ಸ್ವಲ್ಪ ಲೋಹವನ್ನು ಹೊರತೆಗೆದು ನೋಡಿದೆ. ಇಡುವಾಗ ಅರ್ಧ ಗಂಟೆಯ ಕೆಲಸ. ತೆಗೆಯಲು ಹತ್ತು ಕೆಲಸದ ದಿನ, ತೂಕದ ಶುಲ್ಕ, ಪ್ಯಾಕಿಂಗ್ ಶುಲ್ಕ, ವಿಮೆಯಿರುವ ಸಾಗಾಟದ ಶುಲ್ಕ. ಮರಳಿ ಇಡಲು ಹೋದಾಗ ಇನ್ನೊಂದು ಪಾಠ. ನನ್ನ ಕೈಗೆ ಬಂದ ಗಟ್ಟಿ ಅವರ ಕಣ್ಣಲ್ಲಿ ಈಗ ಗೊತ್ತಿಲ್ಲದ ಗಟ್ಟಿ, ಮತ್ತೆ ಪರೀಕ್ಷಿಸಲೇಬೇಕು. ಸಿಟ್ಟು ಬಂದರೂ ಕಾರಣ ಸರಿಯಾದದ್ದೇ. ಟಂಗ್‌ಸ್ಟನ್ ಎಂಬ ಅಗ್ಗದ ಲೋಹದ ಸಾಂದ್ರತೆ 19.25, ಹೆಚ್ಚುಕಡಿಮೆ ಚಿನ್ನದಷ್ಟೇ; ಒಳಗೆ ಅದನ್ನು ತುಂಬಿ ಮೇಲೆ ಚಿನ್ನ ಹೊದಿಸಿದರೆ ತಕ್ಕಡಿಗೆ ಗೊತ್ತಾಗುವುದಿಲ್ಲ, ಎಕ್ಸ್-ರೇ ಯಂತ್ರ ಮೇಲ್ಮೈಯನ್ನಷ್ಟೇ ನೋಡುತ್ತದೆ. ಶಬ್ದಕ್ಕೆ ಮಾತ್ರ ಮೋಸ ಮಾಡಲಾಗದು: ಚಿನ್ನದಲ್ಲಿ ಅದು ಸೆಕೆಂಡಿಗೆ ಸುಮಾರು 3,200 ಮೀಟರ್ ಸಾಗಿದರೆ ಟಂಗ್‌ಸ್ಟನ್‌ನಲ್ಲಿ 5,200 ಮೀಟರ್. ಆ ಪರೀಕ್ಷೆ ನಡೆಸಿದ ಹುಡುಗಿ ಪರದೆಯ ಮೇಲಿನ ಗೆರೆಯನ್ನು ನನಗೂ ತಾಳ್ಮೆಯಿಂದ ತೋರಿಸಿದಳು. ಈ ಏಳು ವರ್ಷದಲ್ಲಿ ಅಲ್ಲಿ ನನಗೆ ಸಿಕ್ಕ ಅತ್ಯುತ್ತಮ ಸೇವೆ ಅದು.

ವಿಮೆಯ ಪತ್ರವನ್ನು ತಡವಾಗಿ ಓದಿದೆ. ‘ಸಂಪೂರ್ಣ ವಿಮೆ’ ಎಂದರೆ ಇಡೀ ವಾಲ್ಟ್‌ಗೆ ಒಂದು ಒಟ್ಟು ಮಿತಿ. ಎಲ್ಲರದ್ದೂ ಒಟ್ಟಿಗೆ ಹೋದರೆ ಅದರಲ್ಲೇ ಪಾಲು. ಯುದ್ಧವಾದರೆ ಇಲ್ಲ, ಕಾರಣ ತಿಳಿಯದ ಕೊರತೆ ಕಂಡರೂ ಇಲ್ಲ. ಇದೆಲ್ಲ ಬರೀ ಕಾಗದದ ಭಯವಲ್ಲ. 2015ರ ಈಸ್ಟರ್ ರಜೆಯಲ್ಲಿ ಲಂಡನ್ನಿನ ಹ್ಯಾಟನ್ ಗಾರ್ಡನ್‌ನ ಖಾಸಗಿ ವಾಲ್ಟ್ ಒಂದರಲ್ಲಿ ಅರ್ಧ ಮೀಟರ್ ದಪ್ಪದ ಕಾಂಕ್ರೀಟಿಗೆ ಯಂತ್ರ ಹಚ್ಚಿ ಕನ್ನ ಕೊರೆದ ಮುದುಕರ ತಂಡ ಎಪ್ಪತ್ತಕ್ಕೂ ಹೆಚ್ಚು ಪೆಟ್ಟಿಗೆ ಒಡೆಯಿತು. ಎಚ್ಚರಿಕೆ ಗಂಟೆ ಮೊಳಗಿತ್ತು. ನೋಡಲು ಬಂದ ಕಾವಲುಗಾರ ಹೊರಬಾಗಿಲು ಸರಿಯಿದೆಯೆಂದು ಹಿಂತಿರುಗಿದ್ದ.

ಬ್ಯಾಂಕಿನ ಹೊರಗಿದ್ದರೆ ಸರ್ಕಾರದ ಕೈಗೂ ಸಿಗುವುದಿಲ್ಲ ಎಂದು ಕೆಲವರು ನಂಬುತ್ತಾರೆ. 1933ರಲ್ಲಿ ಅಮೆರಿಕದಲ್ಲಿ ಜನರು ತಮ್ಮ ಚಿನ್ನವನ್ನು ಔನ್ಸಿಗೆ 20.67 ಡಾಲರಿನಂತೆ ಒಪ್ಪಿಸಬೇಕೆಂಬ ಆದೇಶ ಹೊರಟಾಗ, ಅದನ್ನು ಎಲ್ಲಿಟ್ಟಿದ್ದೀರಿ ಎಂಬುದು ಮುಖ್ಯವಾಗಿರಲಿಲ್ಲ. 2021ರ ಮಾರ್ಚ್‌ನಲ್ಲಿ ಅದೇ ದೇಶದ ಬೆವರ್ಲಿ ಹಿಲ್ಸ್‌ನ ಖಾಸಗಿ ವಾಲ್ಟ್ ಒಂದರ ಮೇಲೆ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ದಾಳಿ ನಡೆಸಿತು. ಆರೋಪವಿದ್ದದ್ದು ಸಂಸ್ಥೆಯ ಮೇಲೆ, ತೆರೆದು ನೋಡಿದ್ದು ನೂರಾರು ಗಿರಾಕಿಗಳ ಪೆಟ್ಟಿಗೆಗಳನ್ನು. ಹಾಗೆ ಶೋಧಿಸಿದ್ದು ಸಂವಿಧಾನಕ್ಕೆ ವಿರುದ್ಧವೆಂದು ಮೇಲ್ಮನವಿ ನ್ಯಾಯಾಲಯ ಹೇಳುವಷ್ಟರಲ್ಲಿ 2024ರ ಜನವರಿ ಬಂದಿತ್ತು. ಗುರುತಿನ ದಾಖಲೆ ಕೇಳದೆ ಪೆಟ್ಟಿಗೆ ಕೊಡುವ ಜಾಗವನ್ನು ಹುಡುಕುವವರಿಗೆ ನಾನು ಹೇಳುವುದಿಷ್ಟೇ: ನಿಮ್ಮ ಪಕ್ಕದ ಪೆಟ್ಟಿಗೆಯವನನ್ನೂ ಅಲ್ಲಿ ಯಾರೂ ಏನೂ ಕೇಳಿರುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ತೂತನ್ನು ತೋರಿಸಿದವಳು ನನ್ನ ಹೆಂಡತಿ. ನಾನು ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿ ಮನೆಗೆ ಬಂದ ಸಂಜೆ ಕೇಳಿದಳು: “ನಿಮಗೇನಾದರೂ ಆಗಿದ್ದರೆ ನಾನು ಯಾರ ಹತ್ತಿರ ಹೋಗಿ ಏನೆಂದು ಕೇಳಬೇಕಿತ್ತು?” ಉತ್ತರವಿರಲಿಲ್ಲ. ಬೆರಳಚ್ಚು ನನ್ನದು, ಗುಪ್ತಸಂಖ್ಯೆ ನನ್ನ ತಲೆಯಲ್ಲಿ, ರಸೀದಿಗಳು ಎಲ್ಲಿವೆಯೆಂದು ನನಗೊಬ್ಬನಿಗೇ ಗೊತ್ತು. ಕಳ್ಳನಿಗೆ ಸಿಗದಂತೆ ಇಡಲು ಹೋಗಿ ಮನೆಯವರಿಗೂ ಸಿಗದಂತೆ ಇಟ್ಟಿದ್ದೆ.

ಜಂಟಿ ಖಾತೆಗೆ ಅರ್ಜಿ ಹಾಕಿ ಎರಡು ತಿಂಗಳು ಅಲೆದಾಡಬೇಕಾಯಿತು. ಈ ಬಾರಿಯ ವಾರ್ಷಿಕ ತಪಾಸಣೆಗೆ ನಾನು ಹೋಗಲಿಲ್ಲ, ಅವಳೊಬ್ಬಳೇ ಹೋದಳು. ಸಂಜೆ ಬಂದು ಹೊಸ ಪಟ್ಟಿಯನ್ನು ಹಳೆಯ ರಸೀದಿಯ ಪಕ್ಕ ಹರಡಿ, ಪ್ರತಿ ಕ್ರಮಸಂಖ್ಯೆಯ ಕೊನೆಯ ಅಂಕಿಯವರೆಗೂ ಬೆರಳಿಟ್ಟು ಗಟ್ಟಿಯಾಗಿ ಓದಿಸಿಕೊಂಡು, ಆಮೇಲೆ ನನ್ನಿಂದ ಬೀಗದ ಕೈ ಕೇಳಿ ಪಡೆದಳು.