ಡ್ರಮ್‌ಗಿಜ್ಮೊ ರಿವ್ಯೂ: ಹ್ಯೂಮನೈಸ್ ನಾಬ್‌ಗಿಂತ ಬ್ಲೀಡ್ ನಾಬ್ ಮೇಲು

ಮನೇಲಿ ಒಬ್ರೇ ಕೂತು ರೆಕಾರ್ಡಿಂಗ್ ಮಾಡೋರಿಗೆ ಡ್ರಮ್ಸೇ ದೊಡ್ಡ ತಲೆನೋವು. ಗಿಟಾರ್ ನಾವೇ ನುಡಿಸ್ತೀವಿ, ಬೇಸ್ ನಾವೇ, ಹಾಡೋದೂ ನಾವೇ, ಡ್ರಮ್ಸ್ ಮಾತ್ರ ಮೌಸ್ ಹಿಡ್ಕೊಂಡು ಒಂದೊಂದೇ ಚೌಕ ಕ್ಲಿಕ್ ಮಾಡಿ ಕೂರಿಸೋದು, ಆಮೇಲೆ ಪ್ಲೇ ಒತ್ತಿದ್ರೆ ಟೈಪಿಂಗ್ ಕ್ಲಾಸಲ್ಲಿ ಕೂತ ಹಾಗೆ ಟಕಟಕ ಅಂತ ಕೇಳ್ಸತ್ತೆ. ನಾನು ಇದಕ್ಕೆ ಮೊದ್ಲು ಒಂದು ದುಡ್ಡು ಕೊಟ್ಟು ತಗೊಂಡ ಪ್ಲಗಿನ್ (ರೆಕಾರ್ಡಿಂಗ್ ಸಾಫ್ಟ್‌ವೇರ್ ಒಳಗೆ ಸೇರಿಸ್ಕೊಳ್ಳೋ ಪುಟ್ಟ ಪ್ರೋಗ್ರಾಂ) ಬಳಸ್ತಿದ್ದೆ, ಹೆಸರು ಬೇಡ ಬಿಡಿ, ಸೌಂಡ್ ಒಂದೊಂದಾಗಿ ಕೇಳಿದ್ರೆ ಬೆಣ್ಣೆ ಹಾಗಿತ್ತು, ಆದ್ರೆ ಸ್ನೇರ್ ರೋಲ್ (ಸ್ನೇರ್ ಡ್ರಮ್ ಮೇಲೆ ಬಿಡದೆ ಬಡಿಯೋದು) ಬರೆದ ತಕ್ಷಣ ಬಂಡವಾಳ ಬಯಲು. ಎರಡೋ ಮೂರೋ ಸ್ಯಾಂಪಲ್ (ಮೊದ್ಲೇ ರೆಕಾರ್ಡ್ ಮಾಡಿಟ್ಟ ಹೊಡೆತ) ಇಟ್ಕೊಂಡು ಹಾಡಿದ್ದೇ ಹಾಡೋ ಕಿಸಬಾಯಿ ದಾಸನ ಥರ ಅದನ್ನೇ ಸುತ್ತಿಸ್ತಿತ್ತು. ಇದಕ್ಕೇ ಮಷಿನ್ ಗನ್ ಎಫೆಕ್ಟ್ ಅಂತಾರೆ, ಸರಿಯಾದ ಹೆಸರೇ.

ಅದನ್ನ ಬಿಟ್ಟು ಡ್ರಮ್‌ಗಿಜ್ಮೊ ಅನ್ನೋ ಡ್ರಮ್ ಪ್ಲಗಿನ್‌ಗೆ ಬಂದೆ. ಓಪನ್ ಸೋರ್ಸ್, ಫ್ರೀ, ಎಲ್‌ವಿ2 ಮತ್ತು ವಿಎಸ್‌ಟಿ ಅನ್ನೋ ಎರಡೂ ಪ್ಲಗಿನ್ ಫಾರ್ಮ್ಯಾಟಲ್ಲಿ ಇದೆ, ಲಿನಕ್ಸಲ್ಲೂ ಓಡತ್ತೆ. ಕಿಟ್‌ಗಳನ್ನ, ಅಂದ್ರೆ ರೆಕಾರ್ಡ್ ಮಾಡಿಟ್ಟ ಡ್ರಮ್ ಸೆಟ್‌ಗಳನ್ನ, ಬೇರೆಯಾಗಿ ಇಳಿಸ್ಕೋಬೇಕು, ಫೈಲ್ ಸೈಜ್ ದೊಡ್ಡದು, ರಾತ್ರಿ ಹಾಕಿ ಮಲಗೋದು ಒಳ್ಳೇದು. ನಾನು ಹೆಚ್ಚು ಬಳಸಿದ್ದು ಡಿಆರ್‌ಎಸ್‌ಕಿಟ್. ಕ್ರೋಸೆಲ್‌ಕಿಟ್ ಅಂತ ಇನ್ನೊಂದಿದೆ, ಮೆಟಲ್ ಮಾಡೋರಿಗೆ ಅದು ಸರಿ ಹೋಗತ್ತೆ.

ಮೊದಲನೇ ದಿನ ಅರ್ಧ ಗಂಟೆ ಏನೂ ಸೌಂಡ್ ಬರ್ಲಿಲ್ಲ, ಕೇಬಲ್ ಕಿತ್ತು ಹಾಕಿದೆ, ಇಂಟರ್‌ಫೇಸ್ ಆಫ್ ಮಾಡಿ ಆನ್ ಮಾಡಿದೆ, ಆಮೇಲೆ ಗೊತ್ತಾಯ್ತು ತಪ್ಪು ನಂದೇ ಅಂತ. ಇದರಲ್ಲಿ ಎರಡು ಫೈಲ್ ಲೋಡ್ ಮಾಡ್ಬೇಕು, ಒಂದು ಡ್ರಮ್‌ಕಿಟ್ ಫೈಲು, ಇನ್ನೊಂದು ಮಿಡಿಮ್ಯಾಪ್ ಫೈಲು. ಯಾವ ನೋಟ್ ಬಂದ್ರೆ ಯಾವ ಡ್ರಮ್ ಹೊಡೀಬೇಕು ಅಂತ ಹೇಳೋದು ಆ ಎರಡನೇದು, ನಾನು ಅದನ್ನ ನೋಡೇ ಇರ್ಲಿಲ್ಲ. ಸಾಮಾನ್ಯವಾಗಿ ಜನರಲ್ ಮಿಡಿ ಅನ್ನೋ ನೋಟ್ ನಂಬರ್ ಪಟ್ಟಿ ಲೆಕ್ಕದಲ್ಲಿ 36 ಕಿಕ್ (ಕಾಲಲ್ಲಿ ಹೊಡೆಯೋ ದೊಡ್ಡ ಡ್ರಮ್), 38 ಸ್ನೇರ್, 42 ಮುಚ್ಚಿದ ಹೈಹ್ಯಾಟ್, 46 ತೆರೆದಿದ್ದು. ನಿಮ್ಮ ಹಳೇ ಪ್ರಾಜೆಕ್ಟ್ ಹಾಕೋಕೆ ಮುಂಚೆ ಮ್ಯಾಪ್ ಒಮ್ಮೆ ನೋಡ್ಕೊಳ್ಳಿ, ಇಲ್ಲಾಂದ್ರೆ ಸ್ನೇರ್ ಬರೋ ಜಾಗದಲ್ಲಿ ಬೇರೆ ಏನೋ ಬಂದು ಕೂತಿರತ್ತೆ.

ಈಗ ಅಸಲಿ ವಿಷಯ. ಡಿಆರ್‌ಎಸ್‌ಕಿಟ್‌ನಲ್ಲಿ 13 ಚಾನಲ್ ಇದೆ: ಕಿಕ್‌ಗೆ ಹಿಂದೆ ಮುಂದೆ ಎರಡು ಮೈಕು, ಸ್ನೇರ್‌ಗೆ ಮೇಲೆ ಕೆಳಗೆ ಎರಡು, ಮೂರು ಟಾಮ್, ಹೈಹ್ಯಾಟ್, ರೈಡ್, ಕಿಟ್ ಮೇಲೆ ಎತ್ತರದಲ್ಲಿ ಇಡೋ ಓವರ್‌ಹೆಡ್ ಎರಡು, ರೂಮ್ ಆಂಬಿಯೆನ್ಸ್ ಎರಡು. ಮಜಾ ಏನಂದ್ರೆ ಒಂದು ಸ್ನೇರ್ ಹೊಡೆತ ರೆಕಾರ್ಡ್ ಮಾಡುವಾಗ ಅವರು ಹದಿಮೂರೂ ಮೈಕ್ ಆನ್ ಇಟ್ಟೇ ಮಾಡಿದ್ದಾರೆ. ಹಾಗಾಗಿ ನೀವು ಸ್ನೇರ್ ನೋಟ್ ಹಾಕಿದ್ರೆ ಟಾಮ್ ಮೈಕಲ್ಲೂ ಸಣ್ಣಗೆ ಸ್ನೇರ್ ಕೇಳ್ಸತ್ತೆ, ಕಿಕ್ ಹೊಡೆದ್ರೆ ಸ್ನೇರ್ ಕೆಳಗಿನ ತಂತಿ ಝರ್ ಅನ್ನತ್ತೆ. ನಾನು ಒಂದು ಹೊಡೆತ ಮಾತ್ರ ರೆಂಡರ್ ಮಾಡಿ ವೇವ್‌ಫಾರ್ಮ್ ಝೂಮ್ ಮಾಡಿ ನೋಡ್ದೆ. ಮೊದ್ಲು ಸ್ನೇರ್ ಮೈಕಲ್ಲಿ ಏಳತ್ತೆ, ಕೂದಲೆಳೆಯಷ್ಟು ತಡವಾಗಿ ಓವರ್‌ಹೆಡ್‌ನಲ್ಲಿ, ಇನ್ನೂ ತಡವಾಗಿ ರೂಮ್ ಮೈಕಲ್ಲಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗತ್ತೆ ಅಂದ್ರೆ ಒಂದು ಮೀಟರ್ ದೂರಕ್ಕೆ ಹತ್ತಿರ ಹತ್ತಿರ 3 ಮಿಲಿಸೆಕೆಂಡ್. ಈ ಮೂರು ಮಿಲಿಸೆಕೆಂಡೇ ನಮ್ಮ ಕಿವಿಗೆ "ಇದು ಒಂದು ಕೋಣೇಲಿ ಇಟ್ಟಿರೋ ಒಂದು ಕಿಟ್" ಅಂತ ಹೇಳೋದು. ಕಿಕ್ ಒಂದು ಪ್ಯಾಕಿಂದ, ಸ್ನೇರ್ ಇನ್ನೊಂದು ಪ್ಯಾಕಿಂದ ತಂದು ಜೋಡಿಸಿ ಮೇಲೆ ಎಷ್ಟು ರಿವರ್ಬ್ ಸುರಿದ್ರೂ ಇದು ಬರಲ್ಲ, ನಾನು ವರ್ಷಗಟ್ಟಲೆ ಸುರಿದು ನೋಡಿದೀನಿ.

ಹೀಗೆ ಒಂದು ಡ್ರಮ್ ಸದ್ದು ಬೇರೆ ಮೈಕಿಗೆ ಸೋರೋದಕ್ಕೇ ಬ್ಲೀಡ್ ಅಂತಾರೆ. ಅದಕ್ಕೇ ಅದನ್ನ ಏರಿಸಿ ಇಳಿಸೋ ಬ್ಲೀಡ್ ಕಂಟ್ರೋಲೇ ಈ ಪ್ಲಗಿನ್‌ನ ಹೀರೋ ಅಂತ ನಾನು ಹೇಳೋದು. ಪೂರ್ತಿ ಇಳಿಸಿದ್ರೆ ಸ್ಟೆರೈಲ್ ಆಗತ್ತೆ, ಪೂರ್ತಿ ಏರಿಸಿದ್ರೆ ಟಾಮ್ ಚಾನಲ್‌ಗೆ ಕಂಪ್ರೆಸರ್ (ಜೋರು ಮೆಲು ಸದ್ದಿನ ಅಂತರ ಕಮ್ಮಿ ಮಾಡೋದು) ಹಾಕಿದಾಗ ಸ್ನೇರೇ ಎದ್ದು ಕೂರತ್ತೆ. ಅರ್ಧಕ್ಕಿಂತ ಸ್ವಲ್ಪ ಮೇಲೆ ಇಟ್ಕೊಂಡಿದೀನಿ.

ಇನ್ನು ಹ್ಯೂಮನೈಸರ್. ಬೇರೆ ಎಷ್ಟೋ ಕಡೆ ಹ್ಯೂಮನೈಸ್ ಅಂದ್ರೆ ನೋಟ್‌ಗಳನ್ನ ದಾಳ ಉರುಳಿಸಿದ ಹಾಗೆ ಹಿಂದೆ ಮುಂದೆ ತಳ್ಳೋದು, ಅದು ಮನುಷ್ಯ ನುಡಿಸಿದ ಹಾಗಲ್ಲ, ಕುಡಿದು ನುಡಿಸಿದ ಹಾಗೆ ಕೇಳ್ಸತ್ತೆ. ಇಲ್ಲಿ ಸ್ವಲ್ಪ ಬುದ್ಧಿ ಉಪಯೋಗಿಸಿದ್ದಾರೆ. ವೆಲಾಸಿಟಿ (ಹೊಡೆತ ಎಷ್ಟು ಜೋರು ಅನ್ನೋದು) ಕಡೆ ಅಟ್ಯಾಕ್, ರಿಲೀಸ್ ಅಂತ ಎರಡಿದೆ: ಬೇಗ ಬೇಗ ಹೊಡೆದ್ರೆ ಕೈ ಸೋತ ಹಾಗೆ ಹೊಡೆತ ನಿಧಾನಕ್ಕೆ ಕುಗ್ಗತ್ತೆ, ಮಧ್ಯೆ ಬಿಡುವು ಸಿಕ್ಕಿದ್ರೆ ಮತ್ತೆ ಬಲ ಬರತ್ತೆ. ಟೈಮಿಂಗ್ ಕಡೆ ಟೈಟ್‌ನೆಸ್, ಟೈಮಿಂಗ್ ರಿಗೇನ್, ಲೇಯ್ಡ್‌ಬ್ಯಾಕ್. ತಾಳ ಸ್ವಲ್ಪ ಜಾರಿದ್ರೆ ಎಷ್ಟು ಬೇಗ ವಾಪಸ್ ಹಿಡಿಯತ್ತೆ ಅನ್ನೋದು ರಿಗೇನ್. ಲೇಯ್ಡ್‌ಬ್ಯಾಕ್ ಏರಿಸಿದ್ರೆ ಇಡೀ ಕಿಟ್ ಬೀಟ್‌ಗಿಂತ ಒಂದು ಚೂರು ಹಿಂದೆ ಒರಗಿ ಕೂರತ್ತೆ, ನಿಧಾನದ ಹಾಡಿಗೆ ಚೆನ್ನಾಗಿರತ್ತೆ. ಸ್ಯಾಂಪಲ್ ಆಯ್ಕೇಲೂ ಈಗಷ್ಟೇ ಹೊಡೆದಿದ್ದನ್ನ ಮತ್ತೆ ತಗೋಬೇಡ ಅಂತ ಹೇಳೋ ನಾಬ್ ಇದೆ, ಸ್ನೇರ್ ರೋಲ್‌ನಲ್ಲಿ ನನ್ನ ಹಳೇ ಕಾಟ ತಪ್ಪಿದ್ದು ಇದರಿಂದಾನೇ. ಒಂದು ವಿಷಯ ನೆನಪಿಟ್ಕೊಳ್ಳಿ, ಟೈಮಿಂಗ್ ಹ್ಯೂಮನೈಸರ್ ಆನ್ ಇದ್ರೆ ಲೇಟೆನ್ಸಿ ಬರತ್ತೆ, ಅಂದ್ರೆ ಸೌಂಡ್ ತಡವಾಗಿ ಕೇಳ್ಸತ್ತೆ, ಪ್ಯಾಡ್ ಬಡಿದು ಲೈವ್ ರೆಕಾರ್ಡ್ ಮಾಡುವಾಗ ಆಫ್ ಇಡಿ, ಮಿಕ್ಸ್ ಮಾಡುವಾಗ ಆನ್ ಮಾಡಿ.

ಇಷ್ಟೆಲ್ಲ ಇದ್ರೂ ನನ್ನ ಮೊದಲನೇ ಟ್ರ್ಯಾಕ್ ಕೇಳಿದ ಡ್ರಮ್ಮರ್ ಗೆಳೆಯ ಒಂದೇ ಮಾತು ಹೇಳ್ದ: "ಲೋ, ಈ ಫಿಲ್‌ನಲ್ಲಿ ಎರಡೂ ಕೈ ಟಾಮ್ ಮೇಲಿದೆ, ಹಂಗಾದ್ರೆ ಹೈಹ್ಯಾಟ್ ಹೊಡೀತಿರೋದು ಯಾರು? ಮೂರನೇ ಕೈ ಎಲ್ಲಿಂದ ತಂದೆ?" ನಿಜ, ಕಾಪಿ ಪೇಸ್ಟ್ ಮಾಡಿದ ಹೈಹ್ಯಾಟ್ ಫಿಲ್ (ಹಾಡಿನ ಭಾಗ ಬದಲಾಗುವಾಗ ಹಾಕೋ ಚಿಕ್ಕ ಡ್ರಮ್ ತುಣುಕು) ಪೂರ್ತಿ ಓಡ್ತಾನೇ ಇತ್ತು. ಇದನ್ನ ಯಾವ ಪ್ಲಗಿನ್ನೂ ಹಿಡಿಯಲ್ಲ. ಆವತ್ತಿಂದ ಬರೆಯುವಾಗ ಖಾಲಿ ಕೈಯಲ್ಲೇ ತೊಡೆ ಮೇಲೆ ಬಡಿದು ನೋಡ್ತೀನಿ, ಎರಡು ಕೈ ಎರಡು ಕಾಲಲ್ಲಿ ಆಗಲ್ಲ ಅಂದ್ರೆ ನೋಟ್ ಅಳಿಸ್ತೀನಿ. ಕ್ರ್ಯಾಶ್ ಒಂದೇ ಬಂದ್ರೆ ಬೋಳು ಬೋಳು, ಕೆಳಗೆ ಕಿಕ್ಕೋ ಸ್ನೇರೋ ಇರ್ಬೇಕು. ಕ್ರ್ಯಾಶ್ ಹೊಡೆದ ಅದೇ ಕ್ಷಣ ಹೈಹ್ಯಾಟ್ ಬೇಡ, ಆ ಕೈ ಅಲ್ಲಿಗೆ ಹೋಗಿದೆ.

ವೆಲಾಸಿಟಿ ಕೂಡ ನೀವೇ ಬರೀಬೇಕು, ಹ್ಯೂಮನೈಸರ್ ಮೇಲೆ ಭಾರ ಹಾಕಿದ್ರೆ ಆಗಲ್ಲ. 1ರಿಂದ 127 ಇದೆ, ಜನ ಎಲ್ಲಾ 127ಕ್ಕೇ ಇಟ್ಟು ಕೂತಿರ್ತಾರೆ. ನಾನು ಹೈಹ್ಯಾಟ್ ಎಂಟನೇ ನೋಟ್‌ಗಳನ್ನ ಬೀಟ್ ಮೇಲಿದ್ದು 95, ಮಧ್ಯದ್ದು 65 ಆಸುಪಾಸು ಇಡ್ತೀನಿ, ಸ್ನೇರ್ ಘೋಸ್ಟ್ ನೋಟ್ (ಕೇಳೀತೋ ಇಲ್ವೋ ಅನ್ನೋ ಹಾಗೆ ಮೆಲ್ಲಗೆ ಹೊಡೆಯೋದು) 25ರಿಂದ 35, ಎರಡು ನಾಲ್ಕನೇ ಬೀಟ್‌ನ ಸ್ನೇರ್ 110. ಈ ಪ್ಲಗಿನ್‌ನಲ್ಲಿ ಕಡಿಮೆ ವೆಲಾಸಿಟಿ ಹಾಕಿದ್ರೆ ಜೋರಾಗಿ ಹೊಡೆದ ಸ್ಯಾಂಪಲ್‌ನ ವಾಲ್ಯೂಮ್ ಇಳಿಸಿ ಕೊಡಲ್ಲ, ನಿಜವಾಗ್ಲೂ ಮೆಲ್ಲಗೆ ಹೊಡೆದಿದ್ದನ್ನೇ ಹುಡುಕಿ ಕೊಡತ್ತೆ, ಘೋಸ್ಟ್ ನೋಟ್ ಹಾಕಿದಾಗ ಆ ವ್ಯತ್ಯಾಸ ಎದ್ದು ಕಾಣತ್ತೆ. ಟೈಮಿಂಗ್‌ಗೂ ಅಳತೆ ಬೇಕು, 120 ಬಿಪಿಎಮ್‌ನಲ್ಲಿ ಹದಿನಾರನೇ ನೋಟ್ ಒಂದಕ್ಕೆ 125 ಮಿಲಿಸೆಕೆಂಡ್ ಅಷ್ಟೇ, ಅದರಲ್ಲಿ 20 ಜರುಗಿಸಿದ್ರೆ ಎಡವಿದ ಹಾಗೇ ಕೇಳ್ಸತ್ತೆ. ಐದಾರು ಸಾಕು.

ಏನಿಲ್ಲ ಅಂದ್ರೆ ರೆಡಿಮೇಡ್ ಗ್ರೂವ್ ಇಲ್ಲ, ಎಳೆದು ಬಿಟ್ರೆ ಹಾಡು ರೆಡಿ ಅನ್ನೋ ಥರದ್ದಲ್ಲ. ಮಿಕ್ಸ್ ಆಗಿರೋ ಸೌಂಡೂ ಅಲ್ಲ, ಸ್ಟುಡಿಯೋದಿಂದ ಬಂದ ಕಚ್ಚಾ ಟ್ರ್ಯಾಕ್ ಥರ, ಈಕ್ಯೂ, ಕಂಪ್ರೆಷನ್ ಎಲ್ಲ ನೀವೇ ಮಾಡ್ಬೇಕು. ಇವತ್ತು ಸಂಜೆಗೇ ಡೆಮೊ ಕಳಿಸ್ಬೇಕು ಅನ್ನೋರಿಗೆ ಇದು ಬೇಡ. ಒಂದು ವಾರ ಕೂತು ಆಡೋಕೆ ಟೈಮ್ ಇದ್ರೆ, ಮಲ್ಟಿಮೈಕ್ ಡ್ರಮ್ ಮಿಕ್ಸ್ ಮಾಡೋದು ಹೆಂಗೆ ಅಂತ ಕಲಿಯೋಕಾದ್ರೂ ಹಾಕ್ಕೊಳ್ಳಿ.

ಐದಕ್ಕೆ ನಾಲ್ಕು ಕೊಡ್ತೀನಿ. ನನ್ನ ಟೆಂಪ್ಲೇಟ್‌ನಲ್ಲಿ ಈಗ ಓವರ್‌ಹೆಡ್ ಎರಡನ್ನೇ ಮೊದ್ಲು ಏರಿಸಿ ಇಡೀ ಕಿಟ್ ಅದರಲ್ಲೇ ಕಟ್ಕೋತೀನಿ, ಆಮೇಲೆ ಕಿಕ್ ಸ್ನೇರ್ ಎಷ್ಟು ಬೇಕೋ ಅಷ್ಟು, ರೂಮ್ ಮೈಕ್ ಕೋರಸ್‌ನಲ್ಲಿ ಮಾತ್ರ ಎರಡು ಡಿಬಿ ಜಾಸ್ತಿ. ಮೊನ್ನೆ ಹೊಸ ಟ್ರ್ಯಾಕ್ ಕಳಿಸಿದ್ದಕ್ಕೆ ಅದೇ ಗೆಳೆಯ ಈ ಸಲ ಕೈ ಲೆಕ್ಕ ಹಾಕ್ಲಿಲ್ಲ, ರೈಡ್ ಸ್ವಲ್ಪ ಜೋರಾಯ್ತು ಕಣೋ ಅಂದ.